ನಾಲ್ಕನೇ ವರ್ಷದ ಆನರ್ಸ್: ಒಂದು ಪೇಪರ್‌ಗೋಸ್ಕರ ಒಂದು ವರ್ಷ

ಜೂನಿಯರ್ ಹುಡುಗಿಯರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ. 'ಅಕ್ಕಾ, ನಾಲ್ಕನೇ ವರ್ಷಕ್ಕೆ ಸೇರ್ಕೊಳ್ಳೋದಾ, ಬೇಡ್ವಾ?' ಒಬ್ಬೊಬ್ಬರ ಹತ್ತಿರ ಅರ್ಧರ್ಧ ಗಂಟೆ ಮಾತಾಡಿ ಸಾಕಾಯ್ತು. ಅದಕ್ಕೇ ಇಲ್ಲಿ ಬರೆದು ಹಾಕುತ್ತಿದ್ದೇನೆ, ಓದಿಕೊಳ್ಳಿ.

ನಾನು 2021ರಲ್ಲಿ ಬಿ.ಎ. ಸೇರಿದವಳು. ಸೊರಬ ಕಡೆಯ ಹಳ್ಳಿ, ಓದಿದ್ದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ. ಕಾಲೇಜಿನ ಹೆಸರು ಬೇಡ ಬಿಡಿ. ರಾಷ್ಟ್ರೀಯ ಶಿಕ್ಷಣ ನೀತಿಯ ಮೊದಲ ಬ್ಯಾಚ್ ನಮ್ಮದೇ. ಮೂರು ವರ್ಷ ಮುಗಿಸಿದರೆ ಡಿಗ್ರಿ, ನಾಲ್ಕು ಮುಗಿಸಿದರೆ ಆನರ್ಸ್ ಅಂತ ಸೇರುವಾಗಲೇ ಹೇಳಿದ್ದರು. ನಾವು ಆರನೇ ಸೆಮಿಸ್ಟರ್‌ಗೆ ಬರುವಷ್ಟರಲ್ಲಿ ಕಥೆಯೇ ಬದಲಾಯ್ತು. ರಾಜ್ಯಕ್ಕೇ ಬೇರೆ ಶಿಕ್ಷಣ ನೀತಿ ಮಾಡೋಕೆ ಸರ್ಕಾರ ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಬಂತು, 2024ರ ಮೇ ತಿಂಗಳಲ್ಲಿ ಸರ್ಕಾರದ ಆದೇಶವೂ ಬಂತು. 2024-25ರಿಂದ ಸೇರುವವರಿಗೆ ಮತ್ತೆ ಮೂರೇ ವರ್ಷ. ಮೊದಲೇ ಸೇರಿದ್ದ ನಮಗೆ ಮಾತ್ರ, ಇಷ್ಟ ಇದ್ದರೆ ನಾಲ್ಕನೇ ವರ್ಷ. ಅಂಗಡಿ ಬಾಗಿಲು ಅರ್ಧ ಎಳೆದಾಗ ಒಳಗೆ ನುಗ್ಗಿದ ಗಿರಾಕಿಗಳ ಹಾಗಿತ್ತು ನಮ್ಮ ಕಥೆ. ಅರವತ್ತು ಜನ ಕೂರುತ್ತಿದ್ದ ಕ್ಲಾಸಲ್ಲಿ ಏಳೇ ಜನ ಉಳಿದೆವು.

ಏಳನೇ ಸೆಮಿಸ್ಟರ್ ಬಗ್ಗೆ ಜಾಸ್ತಿ ಹೇಳೋಕೆ ಏನೂ ಇಲ್ಲ. ಅತಿಥಿ ಉಪನ್ಯಾಸಕರ ನೇಮಕ ತಡವಾಗಿ ಒಂದು ಪೇಪರ್‌ಗೆ ಒಂದೂವರೆ ತಿಂಗಳು ಯಾರೂ ಬರಲೇ ಇಲ್ಲ. ಸಂಶೋಧನಾ ವಿಧಾನ ಅಂತ ಒಂದು ಪೇಪರ್ ಇತ್ತು. ಅದನ್ನು ನೋಟ್ಸ್ ಹೇಳಿ ಬರೆಸಿದರು. 'ಪ್ರಾಕ್ಕಲ್ಪನೆಯ ಲಕ್ಷಣಗಳನ್ನು ವಿವರಿಸಿ' (ಪ್ರಾಕ್ಕಲ್ಪನೆ ಅಂದರೆ ಹೈಪೋಥಿಸಿಸ್, ಪರೀಕ್ಷಿಸಿ ನೋಡಬೇಕಾದ ಊಹೆ) ಅನ್ನೋ ಪ್ರಶ್ನೆಗೆ ಬಾಯಿಪಾಠ ಮಾಡಿ ಉತ್ತರ ಬರೆದೆ, ಒಳ್ಳೇ ಅಂಕವೂ ಬಂತು. ನನ್ನದೇ ಒಂದು ಪ್ರಾಕ್ಕಲ್ಪನೆ ಹೇಳು ಅಂದಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದೆ. ಈ ಭಾಗಕ್ಕೆ ಐದಕ್ಕೆ ಒಂದೂವರೆ ಕೊಡುತ್ತೇನೆ, ಅದೂ ಕ್ಯಾಂಟೀನ್ ಚಹಾ ಚೆನ್ನಾಗಿತ್ತು ಅಂತ.

ಎಂಟನೇ ಸೆಮಿಸ್ಟರ್‌ನ ಪ್ರಬಂಧ ಬೇರೆಯೇ ಲೆಕ್ಕ.

ನಮ್ಮ ಊರಿನ ಸುತ್ತಮುತ್ತಲಿನ ವೀರಗಲ್ಲುಗಳನ್ನು ತೆಗೆದುಕೊಂಡೆ. ಸೊರಬ ತಾಲ್ಲೂಕಿನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1904ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 8ನೇ ಸಂಪುಟದಲ್ಲಿ ಅಚ್ಚು ಮಾಡಿಸಿದ್ದಾರೆ. ಅದನ್ನು ನೋಡಿ ಬರೆದರೆ ಮುಗೀತು ಅಂದುಕೊಂಡಿದ್ದೆ. ಗೈಡ್ ಮೇಡಂ ಮೊದಲ ಭೇಟಿಯಲ್ಲೇ ಕೇಳಿದರು, 'ಕಲ್ಲು ನೋಡಿದೀಯಾ?' ಇಲ್ಲ ಅಂದೆ. 'ನೋಡ್ಕೊಂಡು ಬಾ, ಆಮೇಲೆ ಮಾತಾಡೋಣ.'

ಆ ಕಲ್ಲು ಇದ್ದದ್ದು ಪಕ್ಕದ ಊರಿನ ಕೆರೆ ಏರಿ ಮೇಲೆ. ಮೂರು ಹಂತ. ಕೆಳಗೆ ಬಿಲ್ಲು ಹಿಡಿದು ಕಾದಾಡುವವನು, ಪಕ್ಕದಲ್ಲಿ ದನಗಳು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು, ಅದರ ಮೇಲೆ ಸೂರ್ಯ ಚಂದ್ರ. ಹಂತಗಳ ನಡುವಿನ ಪಟ್ಟಿಯಲ್ಲಿ ಬರಹ. ಆದರೆ ಎಷ್ಟು ವರ್ಷದ ಎಣ್ಣೆ ಕುಂಕುಮವೋ, ಅಕ್ಷರ ಪೂರ್ತಿ ಮುಚ್ಚಿಹೋಗಿತ್ತು. ಒರೆಸೋಕೆ ಬಟ್ಟೆ ತೆಗೆದರೆ ಒಬ್ಬರು ಅಜ್ಜ ಬಂದು, 'ಅದು ದೇವ್ರು ಕಣಮ್ಮ, ಮುಟ್ಬೇಡ' ಅಂದರು. ಒಂದು ಗಂಟೆ ಮಾತಾಡಿದ ಮೇಲೆ ಅವರೇ ಬಿಸಿನೀರು ತರಿಸಿಕೊಟ್ಟರು.

ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದೆ. ಹಗಲು ಕಾಣದ ಅಕ್ಷರಗಳು ನೆರಳಿನಲ್ಲಿ ಎದ್ದು ಬಂದವು. 'ತುಱುವಂ ಮಗುಳ್ಚಿ' ಅನ್ನೋದನ್ನು ಓದೋಕೆ ಎರಡು ಸಂಜೆ ಬೇಕಾಯ್ತು. ತುಱು ಅಂದರೆ ದನ. ಕದ್ದು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ತಿರುಗಿಸಿ ತಂದು ಸತ್ತವನ ಕಲ್ಲು ಅದು. ಮುಂದಿನ ಹೆಸರನ್ನೂ ಓದಿಬಿಟ್ಟೆ ಅಂತ ಖುಷಿಯಲ್ಲಿ ಬರೆದುಕೊಂಡು ಹೋದೆ. ಮೇಡಂ ನನ್ನ ಫೋಟೋ ನೋಡಿದರು, ನಾನು ಬರೆದದ್ದನ್ನೂ ನೋಡಿದರು. 'ಇದು ಓದಿದ್ದಾ, ಊಹಿಸಿದ್ದಾ?' ಅಂದರು.

ಊಹಿಸಿದ್ದೇ. ನಾಲ್ಕು ಅಕ್ಷರದಲ್ಲಿ ಎರಡು ಮಾತ್ರ ಕಂಡಿದ್ದವು. ಹೆಸರು ತೆಗೆದು ಚುಕ್ಕಿ ಹಾಕಿದೆ. ಅಲ್ಲಿಂದ ಮುಂದೆ ಪ್ರತಿ ಪುಟಕ್ಕೂ ಅದೇ ಪ್ರಶ್ನೆ. ಒಟ್ಟು ಐದು ಸಲ ತಿದ್ದಿಸಿದರು. ವೈವಾದಲ್ಲಿ (ಮೌಖಿಕ ಪರೀಕ್ಷೆ) ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಚುಕ್ಕಿಗಳ ಬಗ್ಗೆಯೇ ಹತ್ತು ನಿಮಿಷ ಕೇಳಿದರು. ಈ ಭಾಗಕ್ಕೆ ಐದಕ್ಕೆ ಐದು.

ಖರ್ಚಿನ ವಿಷಯ. ಕಾಲೇಜು ಶುಲ್ಕ ದೊಡ್ಡ ಹೊರೆಯೇನಲ್ಲ. ಆದರೆ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಅವಕ್ಕೆ ಶಕ್ತಿ ಯೋಜನೆ ಇಲ್ಲ. ಓಡಾಟ, ಜೆರಾಕ್ಸ್, ಡಿಟಿಪಿ, ಬೈಂಡಿಂಗ್ ಎಲ್ಲಾ ಸೇರಿ ಜೇಬು ಖಾಲಿಯಾಗುತ್ತೆ.

ಇನ್ನು ಉಪಯೋಗ. ಯುಜಿಸಿ ಚೌಕಟ್ಟಿನ ಪ್ರಕಾರ 'ಆನರ್ಸ್ ವಿತ್ ರಿಸರ್ಚ್' ಬೇಕಂದರೆ ಮೊದಲ ಆರು ಸೆಮಿಸ್ಟರ್‌ನಲ್ಲಿ 75 ಪರ್ಸೆಂಟ್ ಇರಬೇಕು. ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಬಂದರೆ ಎಂ.ಎ. ಇಲ್ಲದೆ ಪಿಎಚ್.ಡಿ.ಗಾಗಿ ನೇರವಾಗಿ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬಹುದು ಅಂತ 2024ರಲ್ಲಿ ಹೇಳಿದರು. ಆನರ್ಸ್ ಆದವರಿಗೆ ಒಂದೇ ವರ್ಷದ ಎಂ.ಎ. ಅನ್ನೋದೂ ಕಾಗದದ ಮೇಲಿದೆ. ನಾನು ವಿಚಾರಿಸಿದ ವಿಶ್ವವಿದ್ಯಾಲಯದ ಕೌಂಟರಿನಲ್ಲಿ ಮಾತ್ರ, 'ನಮ್ಮಲ್ಲಿ ಎರಡೇ ವರ್ಷದ್ದು ಇರೋದು' ಅಂದರು. ಈಗ ನಾನು ಎಂ.ಎ. ಮೊದಲ ವರ್ಷ. ಮೂರೇ ವರ್ಷಕ್ಕೆ ಬಿಟ್ಟುಹೋದ ನನ್ನ ಗೆಳತಿ ಅದೇ ವಿಭಾಗದಲ್ಲಿ ನನ್ನ ಸೀನಿಯರ್! 'ನನ್ನನ್ನು ಅಕ್ಕಾ ಅನ್ನು' ಅಂತ ಸುಮ್ನೆ ರೇಗಿಸುತ್ತಾಳೆ.

ಪಿಡಿಒ, ಕೆಎಎಸ್ ಅಂತ ಓದುವವರಿಗೆ ಮೂರು ವರ್ಷದ ಡಿಗ್ರಿಯೇ ಸಾಕು, ಈ ವರ್ಷ ಕೋಚಿಂಗ್‌ಗೆ ಹಾಕಿ. ಉಳಿದವರು ಅರ್ಜಿ ತುಂಬೋ ಮೊದಲು ಡಿಪಾರ್ಟ್‌ಮೆಂಟಿಗೆ ಹೋಗಿ ಗೈಡ್ ಯಾರು ಅಂತ ಕೇಳಿ. 'ಆಮೇಲೆ ನೋಡೋಣ' ಅಂದರೆ ವಾಪಸ್ ಬನ್ನಿ. ನಮ್ಮ ಮೇಡಂ ಹೆಸರು ಹೇಳಿದರೆ ಸೇರಿಕೊಳ್ಳಿ, ಜೊತೆಗೆ ಒಂದು ಒಳ್ಳೇ ಟಾರ್ಚ್ ತಗೊಳ್ಳಿ. ಮೊಬೈಲ್ ಬೆಳಕು ಸಾಲಲ್ಲ.