ಕಪೊಯೆರಾ: ಅಂಗೋಲಾ ಕಲಿಯೋದಾ, ರೆಜಿಯೊನಾಲಾ?

ಕಪೊಯೆರಾ ಅಂದ್ರೆ ಹಾಡು, ವಾದ್ಯದ ತಾಳಕ್ಕೆ ಇಬ್ಬರು ಆಡುವ ಬ್ರೆಜಿಲ್‌ನ ಸಮರಕಲೆ. ಅಂಗೋಲಾ, ರೆಜಿಯೊನಾಲ್ ಅದರ ಎರಡು ಶೈಲಿಗಳು. ಎರಡರ ಬೇರೂ ಒಂದೇ. ಬ್ರೆಜಿಲ್‌ಗೆ ಗುಲಾಮರಾಗಿ ತಂದ ಆಫ್ರಿಕನ್ನರ ಆಟ. 1890ರ ದಂಡಸಂಹಿತೆಯಲ್ಲಿ ಇದು ಅಪರಾಧವೇ ಆಗಿತ್ತು!

1930ರ ದಶಕದಲ್ಲಿ ಬ್ರೆಜಿಲ್‌ನ ಸಾಲ್ವಡಾರ್ ನಗರದ ಮೆಸ್ತ್ರೆ (ಅಂದ್ರೆ ಗುರು) ಬಿಂಬಾ ಇದಕ್ಕೊಂದು ಪಾಠಕ್ರಮ ಕಟ್ಟಿದರು. ಅದೇ ರೆಜಿಯೊನಾಲ್. ವೇಗ ಜಾಸ್ತಿ, ಒದೆತ ನೇರ, ಜೋಡಿಯಾಗಿ ಮಾಡುವ ನಿಗದಿತ ವರಸೆಗಳು. ಮೇಳದಲ್ಲಿ ಒಂದೇ ಬೆರಿಂಬಾವ್, ಅಂದ್ರೆ ಬಿಲ್ಲಿನಾಕಾರದ ತಂತಿವಾದ್ಯ, ಜೊತೆಗೆ ಎರಡು ಕಂಜಿರದಂಥ ಪಾಂಡೇರು.

ಅಂಗೋಲಾ ಶೈಲಿಗೆ 1941ರಲ್ಲಿ ಶಾಲೆ ಕಟ್ಟಿದವರು ಮೆಸ್ತ್ರೆ ಪಾಸ್ತೀನ್ಯಾ. ಇಲ್ಲಿ ಆಟ ನೆಲಕ್ಕೆ ಹತ್ತಿರ. ಕೈಯೂರಿ ತಲೆಕೆಳಗಾದರೂ ಕಣ್ಣು ಎದುರಾಳಿಯ ಮೇಲೇ. ಒದೆಯುವಂತೆ ತೋರಿಸಿ ಸುಮ್ನೆ ಜಾರಿಕೊಳ್ಳುತ್ತಾರೆ. ನಿಧಾನ ಅಂತ ಸುಲಭ ಅಂದುಕೊಳ್ಳಬೇಡಿ, ತೊಡೆ ಉರಿಯುತ್ತದೆ. ಮೇಳವೂ ದೊಡ್ಡದು, ಬೆರಿಂಬಾವೇ ಮೂರು.

ಹಾಡು, ತಂತ್ರ ಇಷ್ಟವಿದ್ದರೆ ಅಂಗೋಲಾ. ನನ್ನ ಓಟೂ ಅದಕ್ಕೇ. ಹತ್ತಿರದಲ್ಲಿ ಒಳ್ಳೆ ರೆಜಿಯೊನಾಲ್ ಗುರು ಇದ್ದರೆ ಮಾತ್ರ ಅಲ್ಲೇ ಸೇರಿಕೊಳ್ಳಿ.