ಬಾಡಿಗೆಗೆ ಬಿಡೋಕೆ ಇಂಡಿಪೆಂಡೆಂಟ್ ಮನೆಯಾ, ಫ್ಲ್ಯಾಟಾ? ದಾವಣಗೆರೆ ಲೆಕ್ಕ

ವಿದ್ಯಾನಗರದಲ್ಲಿ ಕೆಳಗೊಂದು ಮೇಲೊಂದು ಇರೋ ಮನೆ, ಇಲ್ಲಾಂದ್ರೆ ಎಂಸಿಸಿ ಬಿ ಬ್ಲಾಕಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು. ಎಲ್ಲರೂ ಬರೋ ಬಾಡಿಗೆ ನೋಡುತ್ತಾರೆ, ಕೈಬಿಟ್ಟು ಹೋಗೋ ದುಡ್ಡು ನೋಡಲ್ಲ.

ಫ್ಲ್ಯಾಟಿನ ಖರ್ಚು ಮೊದಲೇ ಗೊತ್ತಿರುತ್ತದೆ. ಲಿಫ್ಟು, ವಾಚ್‌ಮನ್, ಜನರೇಟರ್ ಎಲ್ಲ ಸೇರಿ ತಿಂಗಳಾ ತಿಂಗಳಾ ಮೇಂಟೆನೆನ್ಸ್. ಬಾಡಿಗೆದಾರರೇ ಕಟ್ಟುವ ಹಾಗೆ ಮಾತಾಡಿಕೊಂಡಿದ್ದರೂ ಮನೆ ಖಾಲಿ ಬಿದ್ದರೆ ಅದು ನಿಮ್ಮ ತಲೆ ಮೇಲೇ.

ಇಂಡಿಪೆಂಡೆಂಟ್ ಮನೆಯಲ್ಲಿ ಆ ಕಾಟ ಇಲ್ಲ, ಆದರೆ ಖರ್ಚು ಬಂದರೆ ಒಂದೇ ಸಲ ಬರುತ್ತದೆ. ತಾರಸಿಗೂ ಪ್ಯಾರಾಪೆಟ್ ಗೋಡೆಗೂ ಕೂಡುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ, ಮಳೆ ಹಿಡಿದ ಮೇಲೆ ಕೆಳಗಿನ ರೂಮಿನ ಸೀಲಿಂಗಿನಲ್ಲಿ ಹಳದಿ ಕಲೆ, ಆಮೇಲೆ ಪ್ಲಾಸ್ಟರ್ ಉದುರೋದು, ವಾಟರ್‌ಪ್ರೂಫಿಂಗ್ ಜೊತೆಗೆ ಪೇಂಟಿಂಗೂ ಮಾಡಿಸಬೇಕು. ಬೋರ್‌ವೆಲ್ ಮೋಟರ್ ಸುಟ್ಟರೆ ಮೇಲೆತ್ತಿಸೋ ಕೂಲಿ ಬೇರೆ. ಹಳೇ ಮನೆಯಾದರೆ ವರ್ಷದ ಬಾಡಿಗೆಯಲ್ಲಿ ಎರಡು ತಿಂಗಳಿನದ್ದು ರಿಪೇರಿಗೆ ಅಂತ ಎತ್ತಿಡಿ.

ಕಂದಾಯ ಎರಡಕ್ಕೂ ಇದೆ. ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ, ಸುಮ್ನೆ ಯಾಕೆ ಬಿಡಬೇಕು? ಆದಾಯ ತೆರಿಗೆಯಲ್ಲಿ ಕಟ್ಟಿದ ಕಂದಾಯ ಕಳೆದು ಉಳಿದ ಬಾಡಿಗೆಗೆ 30% ವಿನಾಯಿತಿ. ರಿಪೇರಿಗೆ ಅದಕ್ಕಿಂತ ಜಾಸ್ತಿ ಸುರಿದರೂ ಅಷ್ಟೇ ಸಿಗೋದು.

ಖಾಲಿ ಬೀಳೋದು ಮಾತ್ರ ದೊಡ್ಡ ಪೆಟ್ಟು. ತಿಂಗಳಿಗೆ 12,000 ಬಾಡಿಗೆ ಅಂದರೆ ವರ್ಷಕ್ಕೆ 1,44,000. ಒಂದು ತಿಂಗಳು ಖಾಲಿಯಾದರೆ 1,32,000. ಮೇಲೆ ಕೆಳಗೆ ಎರಡು ಸಂಸಾರ ಇದ್ದರೆ ಒಂದು ಹೋದರೂ ಇನ್ನೊಂದರ ಬಾಡಿಗೆ ನಿಲ್ಲಲ್ಲ, ಅಲ್ವಾ? ಅದಕ್ಕೇ ಊರಲ್ಲೇ ಇದ್ದು ಓಡಾಡೋರಿಗೆ ನಾನು ಮನೆಯನ್ನೇ ಹೇಳುತ್ತೇನೆ. ಬೆಂಗಳೂರಲ್ಲಿ ಕೂತು ನೋಡಿಕೊಳ್ಳೋರು ಫ್ಲ್ಯಾಟ್ ತಗೊಳ್ಳಿ, ಆದರೆ ಫ್ಲ್ಯಾಟ್ ಮಾಲೀಕರ ಸಂಘಕ್ಕೆ ಕಟ್ಟಬೇಕಾದ ಹಳೇ ಬಾಕಿ ಎಷ್ಟಿದೆ ಅಂತ ಮೊದಲು ಕೇಳಿ.