ಸೆಕೆಂಡ್ ಹ್ಯಾಂಡ್ ಎಂಜಿನ್: ಕಂಪ್ರೆಷನ್ ಚೆನ್ನಾಗಿದೆ ಅಂದ ಮಾತ್ರಕ್ಕೆ ನಂಬಬೇಡಿ

ಕಾರಿಗೆ ಬೇರೆ ಎಂಜಿನ್ ಕೂರಿಸಬೇಕು ಅಂತಿರುವವರು ದುಡ್ಡು ಕೊಡುವ ಮೊದಲು ಇದನ್ನು ಒಮ್ಮೆ ಓದಿ. ಇರುವ ಎಂಜಿನ್ನನ್ನೇ ಬಿಚ್ಚಿ, ಸವೆದ ಭಾಗ ಸರಿಮಾಡಿ ರೀಬಿಲ್ಡ್ ಮಾಡಿಸೋದಾ, ಬೇರೆ ಕಾರಲ್ಲಿ ಓಡಿದ ಎಂಜಿನ್ ತಂದು ಹಾಕೋದಾ ಅಂತ ಕೇಳಿದರೆ ಸಾಮಾನ್ಯವಾಗಿ ಎಲ್ಲರೂ ಎರಡನೆಯದನ್ನೇ ಹೇಳುತ್ತಾರೆ. ಬೇಗ ಮುಗಿಯುತ್ತೆ, ಖರ್ಚೂ ಕಡಿಮೆ ಅಂತ. ನನ್ನ ಕಾರಿನಲ್ಲಿ ಬೇಗನೂ ಮುಗಿಯಲಿಲ್ಲ, ಖರ್ಚೂ ಕಡಿಮೆ ಆಗಲಿಲ್ಲ.

ಮಾರಿದವರು ಎಂಜಿನ್ ಓಡುತ್ತಿರುವ ವಿಡಿಯೊ ಕಳಿಸಿದರು. ಸದ್ದು ಚೆನ್ನಾಗಿತ್ತು. ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರ್‌ನಲ್ಲಿ ಎಷ್ಟು ಒತ್ತಡ ಹುಟ್ಟುತ್ತೆ ಅಂತ ಗೇಜ್‌ನಲ್ಲಿ ನೋಡೋದು) ಮಾಡಿಸಿದೆವು, ಎಲ್ಲ ಸಿಲಿಂಡರ್‌ಗಳೂ ಹೆಚ್ಚುಕಡಿಮೆ ಒಂದೇ ಅಳತೆ ತೋರಿಸಿದವು. ಆಮೇಲೆ ಮೌಂಟ್, ವೈರಿಂಗ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎಕ್ಸಾಸ್ಟ್, ಹೊಸ ಕ್ಲಚ್ ಅಂತ ಸ್ವಾಪ್‌ಗೆ, ಅಂದರೆ ಎಂಜಿನ್ ಬದಲಿಸೋಕೆ, ಬೇಕಾದ ಅಷ್ಟೂ ಕೆಲಸ ಮುಗಿಸಿ ಓಡಿಸಿದರೆ, ಆಯಿಲ್ ಚೆನ್ನಾಗಿ ಬಿಸಿಯಾದ ಕೂಡಲೇ ಕೆಳಗಿನಿಂದ ಟಕ್ ಟಕ್ ಅಂತ ಬಡಿತ ಶುರುವಾಯಿತು. ಐಡಲ್‌ನಲ್ಲಿ ಆಯಿಲ್ ಪ್ರೆಶರ್ ದೀಪ ಮಿಣುಕುತ್ತಿತ್ತು. ಫಿಲ್ಟರ್ ಕತ್ತರಿಸಿ ನೋಡಿದರೆ ಮಡಿಕೆಗಳ ತುಂಬಾ ಹೊಳೆಯುವ ಲೋಹದ ಪುಡಿ. ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿದಾಗ, ಪಿಸ್ಟನ್ನನ್ನು ಕ್ರ್ಯಾಂಕ್‌ಗೆ (ಎಂಜಿನ್‌ನ ತಿರುಗುವ ಮುಖ್ಯ ಶಾಫ್ಟ್) ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸವೆದು ಒಳಪದರದ ತಾಮ್ರದ ಬಣ್ಣ ಕಾಣಿಸುತ್ತಿತ್ತು.

ಕಂಪ್ರೆಷನ್ ಟೆಸ್ಟ್ ಹೇಳೋದು ಪಿಸ್ಟನ್ ರಿಂಗ್, ವಾಲ್ವ್, ಹೆಡ್ ಗ್ಯಾಸ್ಕೆಟ್ ಬಗ್ಗೆ ಮಾತ್ರ. ಸಿಲಿಂಡರ್‌ಗಳ ನಡುವೆ ಶೇ. 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನ ಪಡಬೇಕು, ನಿಜ. ಆದರೆ ಕ್ರ್ಯಾಂಕ್ ಕಡೆಯ ಬೇರಿಂಗ್ ಹೇಗಿದೆ ಅಂತ ಆ ಗೇಜ್‌ಗೆ ಗೊತ್ತಾಗುವುದಿಲ್ಲ. ವಿಡಿಯೊನೂ ಅಷ್ಟೇ. ತಣ್ಣಗಿರುವ ಆಯಿಲ್ ಮಂದವಾಗಿರುತ್ತೆ, ಸವೆದ ಬೇರಿಂಗ್‌ನ ಸದ್ದನ್ನು ಅದೇ ಅಡಗಿಸುತ್ತೆ. ಬಿಸಿಯಾಗಿ ತೆಳ್ಳಗಾದ ಮೇಲೇ ನಿಜ ಹೊರಬರೋದು. ಸದ್ದು ಮುಚ್ಚೋಕೆ ಅಂತಲೇ ಆಯಿಲ್ ಮಂದ ಮಾಡುವ ದ್ರವ ಸುರಿದು ಮಾರುವವರೂ ಇದ್ದಾರೆ.

ಹಾಗಾಗಿ ಎಂಜಿನ್ ಇನ್ನೂ ಹೊರಗೆ, ಸ್ಟ್ಯಾಂಡ್ ಮೇಲಿರುವಾಗಲೇ ಸಂಪ್ ತೆಗೆಸಿ. ಒಂದೆರಡು ರಾಡ್ ಕ್ಯಾಪ್ (ಬೇರಿಂಗನ್ನು ಹಿಡಿದಿಡುವ ಕೆಳಗಿನ ಮುಚ್ಚಳ) ಬಿಚ್ಚಿಸಿ ಬೇರಿಂಗ್ ಕಣ್ಣಾರೆ ನೋಡಿ. ಕ್ಯಾಪ್ ಆಯಾ ರಾಡ್‌ಗೇ, ಅದೇ ದಿಕ್ಕಿನಲ್ಲಿ ವಾಪಸ್ ಹೋಗಬೇಕು, ಒಮ್ಮೆ ಬಿಗಿದರೆ ಹಿಗ್ಗಿಬಿಡುವ ಬಗೆಯ ಬೋಲ್ಟ್ ಆಗಿದ್ದರೆ ಹೊಸದೇ ಹಾಕಬೇಕು. ಇಷ್ಟು ಮಾಡೋಕೆ ಮಾರುವವರು ಒಪ್ಪಲಿಲ್ಲ ಅಂದರೆ ಆ ಎಂಜಿನ್ ಬೇಡ, ಬಿಟ್ಟುಬಿಡಿ.

ವಾರಂಟಿ ಇದೆಯಲ್ವಾ ಅಂತ ನೀವು ಕೇಳಬಹುದು. ಇತ್ತು. ಇನ್ನೊಂದು ಎಂಜಿನ್ ಕೊಡ್ತೀವಿ, ಇಳಿಸಿ ಕೂರಿಸುವ ಕೂಲಿ ನಮ್ಮದಲ್ಲ ಅಂದರು. ಸ್ವಾಪ್‌ನಲ್ಲಿ ದೊಡ್ಡ ಖರ್ಚೇ ಆ ಕೂಲಿ! ಸ್ವಲ್ಪ ಜೋರು ಮಾಡಿ ಕೇಳಿದ್ದಕ್ಕೆ, ನೀವೇ ಓವರ್‌ಹೀಟ್ ಮಾಡಿರಬೇಕು ಅಂತ ಮಾತು ತಿರುಗಿಸಿದರು. ಕೆಲವರು ಎಂಜಿನ್ ಮೇಲೆ ಒಂದು ಸಣ್ಣ ಬಿಲ್ಲೆ ಅಂಟಿಸಿ ಕೊಡುತ್ತಾರೆ. ಅತಿಯಾಗಿ ಬಿಸಿಯಾದರೆ ಅದರ ನಡುಭಾಗ ಕರಗುತ್ತೆ, ಕರಗಿದರೆ ವಾರಂಟಿ ಇಲ್ಲ. ಅದು ಇದ್ದರೆ ತಂದ ದಿನವೇ ಫೋಟೊ ತೆಗೆದಿಡಿ. ಕೂಲಿ ಯಾರದು ಅನ್ನೋದನ್ನು ಬರಹದಲ್ಲೇ ತಗೊಳ್ಳಿ.

ಕೊನೆಗೆ ಅದೇ ಎಂಜಿನ್ ಇಳಿಸಿ ರೀಬಿಲ್ಡ್ ಮಾಡಿಸಿದೆ. ಕ್ರ್ಯಾಂಕ್ ಗ್ರೈಂಡ್ ಮಾಡಿ, ಅದರ ಸಣ್ಣಗಾದ ಅಳತೆಗೆ ಹೊಂದುವ 0.25 ಮಿಮೀ ಅಂಡರ್‌ಸೈಜ್ ಬೇರಿಂಗ್ ಹಾಕಬೇಕಾಯಿತು. ಕಾರು ತುಂಬಾ ವರ್ಷ ಇಟ್ಟುಕೊಳ್ಳುವವರಿಗೆ ನಾನು ಹೇಳೋದು ಇಷ್ಟೇ: ತರುವ ಎಂಜಿನ್ ಅನ್ನು ರೀಬಿಲ್ಡ್‌ಗೆ ಬೇಕಾದ ಸಾಮಾನು ಅಂತಲೇ ಲೆಕ್ಕ ಹಾಕಿ, ಕೂರಿಸುವ ಮೊದಲೇ ಬಿಚ್ಚಿಸಿ. ಅಲ್ಲೂ ಹುಷಾರು. ಬರೀ ರಿಂಗ್, ಗ್ಯಾಸ್ಕೆಟ್ ಬದಲಾಯಿಸಿ ಫುಲ್ ರೀಬಿಲ್ಡ್ ಅಂತ ಬಿಲ್ ಮಾಡುವವರಿದ್ದಾರೆ. ಬೋರ್ (ಸಿಲಿಂಡರ್‌ನ ಒಳಕೊಳವೆ), ಕ್ರ್ಯಾಂಕ್ ಜರ್ನಲ್ (ಕ್ರ್ಯಾಂಕ್ ಮೇಲೆ ಬೇರಿಂಗ್ ಕೂರುವ ಭಾಗ), ಹೆಡ್‌ನ ಸಮತಟ್ಟು ಇವುಗಳ ಅಳತೆ ಬರೆಸಿಕೊಳ್ಳಿ. ಬೇರಿಂಗ್ ಪುಡಿಯಾದ ಎಂಜಿನ್ ಆಗಿದ್ದರೆ ಆಯಿಲ್ ಕೂಲರ್ ತೊಳೆದು ಮತ್ತೆ ಹಾಕೋಕೆ ಬಿಡಬೇಡಿ, ಹೊಸದೇ ಹಾಕಿಸಿ. ಒಳಗಿನ ಸಣ್ಣ ದಾರಿಗಳಲ್ಲಿ ಉಳಿದ ಪುಡಿ ನೇರ ಹೊಸ ಬೇರಿಂಗ್‌ಗೇ ಬರುತ್ತೆ.